ರಾಮಟಂಕ, ‘ಕಂಪನಿ ಹನುಮಂತ’ ಮತ್ತು ನಮ್ಮ ಅಡಿಕೆ ದುಡ್ಡು

ಈ ಸಲದ ಬರಹ ಬೋರ್ಡೋ ಬಗ್ಗೆ ಅಲ್ಲ, ಎಲೆಚುಕ್ಕೆ ಬಗ್ಗೆಯೂ ಅಲ್ಲ. ನಾಣ್ಯದ ಬಗ್ಗೆ. ತೋಟದ ಪುಟದಲ್ಲಿ ನಾಣ್ಯ ಯಾಕೆ ಮಾರಾಯ್ರೆ ಅಂತ ಕೇಳಬಹುದು. ಕೊನೆಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ನಮ್ಮ ಮಲೆನಾಡಿನ ಕಡೆ ‘ದೇವರ ನಾಣ್ಯ’ದ ಮಾತು ಎದ್ದೇಳುತ್ತದೆ. ಕೊಳೆರೋಗಕ್ಕಾದರೂ ಮಳೆಗಾಲ ಅಂತ ಒಂದು ಕಾಲ ಇದೆ. ಈ ರೋಗಕ್ಕೆ ದುಡ್ಡಿನ ಕಾಲವೇ ಕಾಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ರಾಮ, ಸೀತೆ, ಹನುಮಂತ ಇರುವ ಆ ದೊಡ್ಡ ಬಿಲ್ಲೆ ಸುಳ್ಳು ವಸ್ತು ಅಲ್ಲ. ಅದನ್ನು ‘ನಾಣ್ಯ’ ಅಂತ ಕರೆದ ಗಳಿಗೆಯಿಂದ ಸುಳ್ಳು ಶುರುವಾಗುತ್ತದೆ. ನಾಣ್ಯ ಅಂದರೆ ಒಂದು ಸರ್ಕಾರವೋ ಒಬ್ಬ ರಾಜನೋ ಇಷ್ಟು ಬೆಲೆ ಅಂತ ಜವಾಬ್ದಾರಿ ಹೊತ್ತು ಹೊರಡಿಸಿದ ದುಡ್ಡು. ಇದು ಆ ಜಾತಿಯದ್ದಲ್ಲ. ಯಾತ್ರೆಗೆ ಹೋದವರು ತಂದದ್ದು, ದೇವರ ಮನೆಯಲ್ಲಿ ಇಟ್ಟದ್ದು, ಮಗಳ ಮದುವೆಯಲ್ಲಿ ಮಡಿಲಿಗೆ ಹಾಕಿದ್ದು. ಸಂಗ್ರಹಕಾರರು ಇದಕ್ಕೆ ದೇವಸ್ಥಾನದ ಟೋಕನ್ ಅನ್ನುತ್ತಾರೆ, ನಮ್ಮ ಹಳಬರ ಬಾಯಲ್ಲಿ ರಾಮಟಂಕ. ಈ ಎರಡರ ನಡುವಿನ ಗೆರೆ ಅಳಿಸಿದರೆ ಮೋಸ ಮಾಡುವವನಿಗೆ ಹಬ್ಬ.

ಮೊನ್ನೆ ಪಕ್ಕದೂರಿನ ಹುಡುಗನೊಬ್ಬ (ಹುಡುಗ ಅಂದರೆ ಮೂವತ್ತೈದು ದಾಟಿದವನೇ) ಅಜ್ಜನ ನಾಣ್ಯದ ಡಬ್ಬಿ ಹಿಡಿದುಕೊಂಡು ಬಂದಿದ್ದ. ಅಜ್ಜ ಯಾವತ್ತೋ ಕೂಡಿಟ್ಟದ್ದು. ಡಬ್ಬಿಯಲ್ಲಿದ್ದ ಬಹುಪಾಲು ಗುರುತು ಸಿಗುವಂಥವೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ್ದು ಎರಡು, ಒಂದು ಕಡೆ ಆನೆ, ಇನ್ನೊಂದು ಕಡೆ ಕನ್ನಡದಲ್ಲಿ ‘ಮಯಿಲಿ ಕಾಸು’. 1835ರ ಕಂಪನಿ ಕಾಲಾಣೆ ಒಂದು ಹಿಡಿ. ಎರಡನೇ ಮಹಾಯುದ್ಧದ ಕಾಲದ ತೂತು ಕಾಸು. ಐದನೇ ಜಾರ್ಜನ ಬೆಳ್ಳಿ ರೂಪಾಯಿ ಮೂರು. ಇವೆಲ್ಲದರ ಮೇಲೆ ಹಳದಿ ಬಣ್ಣದ್ದೊಂದು ದೊಡ್ಡ ಬಿಲ್ಲೆ, ಹಳೆ ರೂಪಾಯಿಗಿಂತ ಸ್ವಲ್ಪ ಅಗಲ. ಒಂದು ಮುಖದಲ್ಲಿ ಸಿಂಹಾಸನದ ಮೇಲೆ ರಾಮ ಸೀತೆ, ಮೇಲೆ ಛತ್ರಿ, ಅಕ್ಕಪಕ್ಕ ತಮ್ಮಂದಿರು, ಕೆಳಗೆ ಕೈಮುಗಿದ ಹನುಮಂತ. ತಿರುಗಿಸಿದರೆ ಬಿಲ್ಲು ಹಿಡಿದು ನಿಂತ ರಾಮ ಲಕ್ಷ್ಮಣ, ಸುತ್ತ ನಾಗರಿ ಅಕ್ಷರ, ಅಡಿಯಲ್ಲಿ ಅಂಕಿ.

“ಅಣ್ಣ, ಇದು ಐವತ್ತೊಂದು ಸಾವಿರ ವರ್ಷದ್ದಂತೆ” ಅಂದ. ಯಾರು ಹೇಳಿದ್ದು ಅಂದೆ. ಪೇಟೆಯಲ್ಲಿ ಪರಿಚಯವಾದ ಒಬ್ಬ ಏಜೆಂಟ್. ಪಾರ್ಟಿ ರೆಡಿ ಇದೆಯಂತೆ, ನಲವತ್ತು ಲಕ್ಷ ಕೊಡುತ್ತಾರಂತೆ. ಆದರೆ ಮೊದಲು ಒಂದೂವರೆ ಲಕ್ಷ ‘ಟೆಸ್ಟಿಂಗ್ ಫೀಸು’ ಕಟ್ಟಬೇಕಂತೆ.

ಒಂದೂವರೆ ಲಕ್ಷ ಅಂದರೆ ಅವನ ಮಟ್ಟಿಗೆ ವರ್ಷದ ಗೊಬ್ಬರ, ಔಷಧಿ, ಕೊನೆಗೌಡರ ಕೂಲಿ, ಮಗಳ ಶಾಲೆ, ಎಲ್ಲ ಸೇರಿದ ದುಡ್ಡು.

ಆ ಐವತ್ತೊಂದು ಸಾವಿರ ಎಲ್ಲಿಂದ ಬಂತು ಅಂತ ನೋಡೋಣ. ಬಿಲ್ಲೆಯ ಅಡಿಯಲ್ಲಿ ನಾಗರಿ ಅಂಕಿಗಳಲ್ಲಿ 51740 ಅಂತ ಇತ್ತು. ಈ ಜಾತಿಯ ಬಿಲ್ಲೆಗಳಲ್ಲಿ ಕೆಲವಕ್ಕೆ ಬರೀ 1740, ಕೆಲವಕ್ಕೆ 51740 ಇರುತ್ತದೆ. 1740 ಅನ್ನುವುದನ್ನು ವಿಕ್ರಮ ಸಂವತ್ಸರ ಅಂತ ಓದುತ್ತಾರೆ. ಅದರಿಂದ 57 ಕಳೆದರೆ ಕ್ರಿಸ್ತಶಕ 1683 ಬರುತ್ತದೆ. ಹಾಗಂತ ಬಿಲ್ಲೆ 1683ರದ್ದೂ ಅಲ್ಲ. ಒಂದು ಅಚ್ಚಿನಲ್ಲಿದ್ದ ಇಸವಿಯನ್ನು ಮುಂದಿನ ಅಚ್ಚು ಕೆತ್ತುವವನು ಹಾಗೇ ನಕಲು ಮಾಡುತ್ತಾನೆ, ಅವನದ್ದನ್ನು ನೋಡಿ ಮತ್ತೊಬ್ಬ. ಈಗ ಮನೆಗಳಲ್ಲಿ ಸಿಗುವ ಇಂಥ ಬಿಲ್ಲೆಗಳಲ್ಲಿ ಹೆಚ್ಚಿನವು 19 ಮತ್ತು 20ನೇ ಶತಮಾನದಲ್ಲಿ ಮಾಡಿದವು. ಸಿಖ್ಖರಲ್ಲೂ ಇದೇ ಕಥೆ: ಗುರು ನಾನಕರು, ಜೊತೆಗೆ ಬಾಲಾ, ಮರ್ದಾನಾ ಇರುವ ಬಿಲ್ಲೆಗಳ ಮೇಲೆ 1804 ಅಂತ ಸಂವತ್ಸರ ಇರುತ್ತದೆ. ಎಷ್ಟೋ ಕಾಲದ ನಂತರ ಮಾಡಿದ್ದಕ್ಕೂ ಅದೇ 1804. ಇಸವಿ ಅಲ್ಲಿ ತಾರೀಖಲ್ಲ, ಚಿತ್ರದ ಒಂದು ಭಾಗ.

ಸುತ್ತಲಿನ ಅಕ್ಷರ ಇನ್ನೂ ಸ್ವಾರಸ್ಯ. ನಾಗರಿ ಓದಲು ಬರುವವರೂ ತಲೆ ಕೆರೆದುಕೊಳ್ಳುತ್ತಾರೆ. ‘ರಾಮ ಲಛಮನ ಜಾನಕ ಜವಲ ಹನಮನಕ’ ಅಂತ ಇರುತ್ತದೆ. ಏನೋ ಗುಪ್ತ ಮಂತ್ರ, ಅದಕ್ಕೇ ಅರ್ಥ ಆಗುವುದಿಲ್ಲ ಅಂತ ಏಜೆಂಟ್ ಹೇಳಿದ್ದನಂತೆ. ಮಂತ್ರವೂ ಇಲ್ಲ, ಗುಪ್ತವೂ ಇಲ್ಲ. ‘ರಾಮ ಲಕ್ಷ್ಮಣ ಜಾನಕೀ, ಜೈ ಬೋಲೋ ಹನುಮಾನ್ ಕೀ’ ಅನ್ನುವ ಜೈಕಾರದಿಂದ ಕೊಂಬು, ಗುಡಿಸು, ಏತ್ವಗಳನ್ನು ಕಿತ್ತು ಹಾಕಿದರೆ ಉಳಿಯುವುದು ಅದೇ. ಚಿಕ್ಕ ಜಾಗದಲ್ಲಿ ಉಲ್ಟಾ ಕೆತ್ತುವ ಅಕ್ಕಸಾಲಿಗನಿಗೆ ಅಕ್ಷರ ಹಿಡಿಸಬೇಕಿತ್ತು ಅಷ್ಟೆ. ನಾವೂ ಗೊಬ್ಬರದ ಚೀಲದ ಮೇಲೆ ಹೆಸರು ಬರೆಯುವಾಗ ಒತ್ತಕ್ಷರ ನುಂಗುತ್ತೇವಲ್ಲ, ಹಾಗೆ.

ಇನ್ನು ಗಾತ್ರ. ನನ್ನ ಪ್ರಕಾರ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ದೇವರ ಚಿತ್ರ ಇರುವ ನಿಜವಾದ ನಾಣ್ಯ ನಮ್ಮ ನೆಲದಲ್ಲಿ ಧಾರಾಳ ಇದೆ, ಇಲ್ಲ ಅಂತ ಯಾರೂ ಹೇಳಬಾರದು. ವಿಜಯನಗರದ ಮೊದಲ ಅರಸರ ನಾಣ್ಯದಲ್ಲಿ ಹನುಮಂತ ಇದ್ದಾನೆ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣ. ತಿರುಮಲರಾಯನದ್ದರಲ್ಲಿ ರಾಮ ಸೀತೆ ಲಕ್ಷ್ಮಣ. ನಮ್ಮ ಇಕ್ಕೇರಿ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೂ ಆ ಶಿವ ಪಾರ್ವತಿಯನ್ನು ತೆಗೆಯಲಿಲ್ಲ. ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿ ಅದನ್ನೇ ಮುಂದುವರಿಸಿದ. ವ್ಯಾಪಾರಿಗಳು ಒಪ್ಪಿದ ನಾಣ್ಯದ ಮುಖ ಕೆಡಿಸಲು ಯಾವ ರಾಜನಿಗೂ ಮನಸ್ಸಿರುವುದಿಲ್ಲ.

ಇವೆಲ್ಲದರ ಗಾತ್ರ ಎಷ್ಟು? ವರಹ ಅಂದರೆ ಸುಮಾರು 3.4 ಗ್ರಾಂ ಚಿನ್ನ. ಅಂಗಿಯ ಗುಂಡಿಯಷ್ಟು. ಅದರ ಮೇಲೆ ಶಿವನನ್ನೂ ಪಾರ್ವತಿಯನ್ನೂ ಕಾಣಲು ನನ್ನಂಥವನಿಗೆ ಭೂತಗನ್ನಡಿ ಬೇಕು. ರಾಜನಿಗೆ ಬೇಕಾದದ್ದು ಲೋಹದ ತೂಕ, ಚಿತ್ರ ಬರೀ ಮುದ್ರೆ. ಟಂಕದ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಅದು ದರ್ಶನಕ್ಕಾಗಿ ಮಾಡಿದ್ದು. ಅರಿಶಿನ ಕುಂಕುಮ ಹಚ್ಚಬೇಕು, ಮಕ್ಕಳಿಗೆ “ನೋಡು ರಾಮ” ಅಂತ ತೋರಿಸಬೇಕು, ಹಾಗಾಗಿ ಅಗಲ. ಬಟ್ಟಲಿನ ಹಾಗೆ ಬಾಗಿದ ದೊಡ್ಡ ಚಿನ್ನದ ರಾಮಟಂಕಗಳೂ ದಕ್ಷಿಣದಲ್ಲಿವೆ. ಅವೂ ಪೂಜೆಯವೇ. ಬೆಲೆ ಬರೆದಿರುವುದಿಲ್ಲ, ಹೊರಡಿಸಿದವನ ಹೆಸರು ಇರುವುದಿಲ್ಲ. ಬಿಲ್ಲೆ ಕೈಗೆ ಬಂದರೆ ಮೊದಲ ಪ್ರಶ್ನೆ “ಎಷ್ಟು ಹಳೆಯದು” ಅಲ್ಲ. “ಯಾರ ಹೆಸರಿದೆ, ಎಷ್ಟು ಬೆಲೆ ಅಂತಿದೆ” ಅನ್ನುವುದು. ಎರಡೂ ಇಲ್ಲದೆ ಬರೀ ದೇವರಿದ್ದರೆ ಅದು ಟಂಕ. ವರಹದ ಮೇಲೂ ಬೆಲೆ ಬರೆದಿಲ್ಲ ಅಂತ ಯಾರಾದರೂ ವಾದ ಮಾಡಬಹುದು. ಅಲ್ಲಿ ತೂಕವೇ ಬೆಲೆ, ಅದಕ್ಕೇ ತೂಕ ಸಾಮಾನ್ಯವಾಗಿ ಒಂದೇ. ಟಂಕಗಳನ್ನು ಹತ್ತು ಮನೆಯಿಂದ ತಂದು ತೂಗಿ, ಹತ್ತೂ ಬೇರೆ ಬೇರೆ ಬರುತ್ತವೆ.

ತೂಕ ಅಂದೆನಲ್ಲ, ಅದರ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಟೆಸ್ಟಿಂಗ್ ಫೀಸು ಅಂತ ಕೇಳುವವನ ಬಾಯಿ ಮುಚ್ಚಿಸಲು ಇಷ್ಟು ಸಾಕು. ಬೋರಾನ್, ಸತುವಿನಂಥ ಗೊಬ್ಬರವನ್ನು ಸಣ್ಣ ಪ್ರಮಾಣದಲ್ಲಿ ತೂಗಲು ನಾನು ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೇನೆ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವಂಥದ್ದು. ಹುಡುಗನ ಬಿಲ್ಲೆ 11.20 ಗ್ರಾಂ ತೂಗಿತು. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನು ನೂಲಿನಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಟ್ಟೆವು. ತಳ ಮುಟ್ಟಬಾರದು, ಲೋಟದ ಬದಿಗೂ ತಾಗಬಾರದು. ತಕ್ಕಡಿ 1.32 ತೋರಿಸಿತು. ಮೊದಲಿನ ತೂಕವನ್ನು ಇದರಿಂದ ಭಾಗಿಸಿ: ಸುಮಾರು ಎಂಟೂವರೆ. ಹಿತ್ತಾಳೆ. ಅಪ್ಪಟ ಬೆಳ್ಳಿಯಾಗಿದ್ದರೆ ಹತ್ತೂವರೆ ಬರಬೇಕು, ತಾಮ್ರಕ್ಕೆ 8.9, ಚಿನ್ನಕ್ಕೆ ಹತ್ತೊಂಬತ್ತರ ಮೇಲೆ. ಡಬ್ಬಿಯಲ್ಲಿದ್ದ ಜಾರ್ಜನ ರೂಪಾಯಿಯನ್ನೂ ಇಳಿಬಿಟ್ಟು ನೋಡಿದೆವು. ಅದರಲ್ಲಿ ಶೇ. 91.7 ಬೆಳ್ಳಿ, ತೂಕ 11.66 ಗ್ರಾಂ ಇರಬೇಕು. ಸವೆದು ಸ್ವಲ್ಪ ಕಡಿಮೆ ಇತ್ತು, ಭಾಗಲಬ್ಧ ಹತ್ತು ಚಿಲ್ಲರೆ ಬಂತು, ಸರಿಯಾಗಿದೆ. ಖರ್ಚು ಒಂದು ಲೋಟ ನೀರು.

ಅಂಚನ್ನೂ ನೋಡಿ. ಅಚ್ಚಿನ ನಡುವೆ ಇಟ್ಟು ಒತ್ತಿದ್ದಾದರೆ ಗೆರೆ ಚೂಪಾಗಿರುತ್ತದೆ. ಎರಕ ಹೊಯ್ದದ್ದಾದರೆ ಮೈಮೇಲೆ ಸಾಸಿವೆಯಂಥ ಗುಳ್ಳೆ, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಏಣು ಕಾಣುತ್ತದೆ. ಸವೆತಕ್ಕೂ ಒಂದು ನ್ಯಾಯ ಇದೆ. ಕೈಯಲ್ಲಿ ಮುಟ್ಟಿ ಮುಟ್ಟಿ ಸವೆದದ್ದರಲ್ಲಿ ಉಬ್ಬಿದ ಭಾಗ, ಅಂದರೆ ಮೂಗು, ಮಂಡಿ, ಕಿರೀಟ, ಮೊದಲು ನುಣುಪಾಗುತ್ತದೆ, ತಗ್ಗಿನಲ್ಲಿ ಹಳೆ ಕುಂಕುಮ ಕೂತಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅದು ವಯಸ್ಸಲ್ಲ, ಆಸಿಡ್. ತಾಮ್ರದ್ದಾದರೆ ಹಸಿರು ಕಿಲುಬು ತೋರಿಸಿ ಹೆದರಿಸುತ್ತಾರೆ. ಮೈಲುತುತ್ತ ಕಲಸಿ ಕೈ ಹಸಿರಾದ ನಮಗೆ ತಾಮ್ರದ ಹಸಿರು ಹೊಸತಾ? ಒದ್ದೆ ಹತ್ತಿಯಲ್ಲಿ ಒರೆಸಿದರೆ ಬಿಟ್ಟುಬರುವ ಹಸಿರು ನಿನ್ನೆ ಮೊನ್ನೆ ಹಚ್ಚಿದ್ದು.

ಹುಡುಗನ ಬಿಲ್ಲೆಯಲ್ಲಿ ರಾಮನ ಮೂಗು ಪೂರ್ತಿ ಸವೆದಿತ್ತು, ಮೇಲ್ಗಡೆ ಕೊಂಡಿ ಬೆಸುಗೆ ಹಾಕಿ ಕಿತ್ತ ಗುರುತಿತ್ತು. ಯಾರದ್ದೋ ಕೊರಳಿನಲ್ಲಿ ಇದ್ದದ್ದು. ನಾನು ಹೇಳುವುದು ಇಷ್ಟೆ: ಇದು ಹಿತ್ತಾಳೆ, ಅಂಥ ಬೆಲೆಯಿಲ್ಲ ಅಂದಾಕ್ಷಣ “ಡೂಪ್ಲಿಕೇಟ್” ಅಂತ ಗುಜರಿಗೆ ಹಾಕುವುದು ಏಜೆಂಟನ ಮಾತು ನಂಬಿದಷ್ಟೇ ದಡ್ಡತನ. ಇಂಥ ಬಿಲ್ಲೆಗಳ ಮೇಲೆ ಪುಸ್ತಕ ಬರೆದವರಿದ್ದಾರೆ. ಇರ್ವಿನ್ ಬ್ರಾಟ್‌ಮನ್ ಎಂಬವರು 1970ರಲ್ಲೇ ಭಾರತದ ದೇವಸ್ಥಾನದ ಟೋಕನ್‌ಗಳಿಗಾಗಿ ಒಂದು ಕೈಪಿಡಿ ತಂದರು. ಮೈಕೆಲ್ ಮಿಚಿನರ್ 1998ರಲ್ಲಿ ಇವನ್ನು ಜನಪದ ಕಲೆ ಅಂತಲೇ ನೋಡಿ ದೊಡ್ಡ ಪುಸ್ತಕ ಮಾಡಿದರು. ಪುರಿಯ ಜಗನ್ನಾಥ, ಬಲಭದ್ರ, ಸುಭದ್ರೆ ಇರುವಂಥವು, ಎತ್ತ ಕೂಡಿದರೂ 15 ಬರುವ ಒಂಬತ್ತು ಮನೆಯ ಯಂತ್ರ ಇರುವಂಥವು, ಹೀಗೆ ನಾನಾ ಬಗೆ. ದುಡ್ಡಿನ ಬೆಲೆ ಇಲ್ಲದ್ದಕ್ಕೆ ಬೇರೆ ಬೆಲೆಯೂ ಇಲ್ಲ ಅಂತ ತಿಳಿಯುವುದು ಮಂಡಿ ಬುದ್ಧಿ. ಅಕ್ಷಯ ತೃತೀಯಕ್ಕೆ ಜ್ಯುವೆಲರಿಯವರು ಲಕ್ಷ್ಮಿ ಚಿತ್ರದ ಬೆಳ್ಳಿ ಬಿಲ್ಲೆ ಮಾರುತ್ತಾರಲ್ಲ, ಅದು ಇದೇ ವಂಶದ ಈಗಿನ ಕುಡಿ.

ಇಷ್ಟು ಗೌರವ ನಾನು ಎಲ್ಲದಕ್ಕೂ ಕೊಡುವುದಿಲ್ಲ. ಇನ್ನೊಂದು ಜಾತಿ ಇದೆ, ‘ಕಂಪನಿ ಹನುಮಂತ’. ಒಂದು ಕಡೆ ಹನುಮಂತನೋ ರಾಮ ಸೀತೆಯೋ ಕಮಲವೋ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ‘ಒನ್ ಅಣಾ’ ಅಥವಾ ‘ಹಾಫ್ ಅಣಾ’, ಇಸವಿ 1616, 1717, 1818 ಹೀಗೆ. ಕೆಲವದರ ಮೇಲೆ ‘ಯುಕೆಎಲ್’ ಅಂತ ಅರ್ಥವಿಲ್ಲದ ಅಕ್ಷರ ಬೇರೆ. ಇದರಲ್ಲಿ ಬೆಲೆಯೂ ಇದೆ, ಹೊರಡಿಸಿದವರ ಹೆಸರೂ ಇದೆ, ಅಂದರೆ ಬೇಕೆಂದೇ ನಾಣ್ಯದ ವೇಷ ಹಾಕಿದೆ. ಟಂಕ ಸುಳ್ಳು ಹೇಳುವುದಿಲ್ಲ. ಇದು ಮೈತುಂಬ ಸುಳ್ಳು.

1616ರಲ್ಲಿ ಮೊಘಲ್ ಗದ್ದುಗೆಯ ಬಾದಶಹ ಜಹಾಂಗೀರ್. ಕಂಪನಿಯವರು ಸೂರತ್ತಿನಲ್ಲಿ ಗೋದಾಮು ಮಾಡಿಕೊಂಡು ವ್ಯಾಪಾರಕ್ಕೆ ಕೂತವರು. ಅವರು ಆಣೆ ನಾಣ್ಯ ಹೊರಡಿಸುವ ಮಾತೆಲ್ಲಿ ಬಂತು? 1835ರವರೆಗೆ ಬಂಗಾಳ, ಬೊಂಬಾಯಿ, ಮದರಾಸು ಪ್ರಾಂತ್ಯಗಳಿಗೆ ಬೇರೆ ಬೇರೆ ನಾಣ್ಯ ಪದ್ಧತಿ ಇತ್ತು. ಆ ವರ್ಷ ಎಲ್ಲಕ್ಕೂ ಒಂದೇ ಮಾಡಿದರು, ಬೆಳ್ಳಿಗೆ ನಾಲ್ಕನೇ ವಿಲಿಯಮನ ತಲೆ, ತಾಮ್ರಕ್ಕೆ ಕಂಪನಿಯ ಸಿಂಹ ಲಾಂಛನ. ಅಜ್ಜನ ಡಬ್ಬಿಯ ಕಾಲಾಣೆ ಅದೇ. ಇನ್ನು ಬ್ರಿಟಿಷ್ ಇಂಡಿಯಾದಲ್ಲಿ ಒಂದಾಣೆ ಅನ್ನುವ ಬಿಡಿ ನಾಣ್ಯ ಜನರ ಕೈಗೆ ಬಂದದ್ದೇ 1907ರಲ್ಲಿ, ನಿಕ್ಕಲ್ ಬೆರೆತದ್ದು, ಹೂವಿನ ದಳದಂಥ ಅಂಚಿನದ್ದು. ಅಷ್ಟರಲ್ಲಿ ಕಂಪನಿಯೇ ಇರಲಿಲ್ಲ. 1818ರ ಕಂಪನಿ ಒಂದಾಣೆ ಅನ್ನುವುದು, ಅಜ್ಜ ಹುಟ್ಟುವ ಮೊದಲೇ ಮೊಮ್ಮಗನ ಉಪನಯನ ಮಾಡಿದ ಹಾಗೆ.

ಕಂಪನಿಯವರು ದೇವರನ್ನೇ ಹಾಕಲಿಲ್ಲ ಅಂತಲ್ಲ. ಮದರಾಸಿನಲ್ಲಿ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ‘ಮೂರು ಸ್ವಾಮಿ’ ವರಹ ಟಂಕಿಸಿದರು. ಆಮೇಲೆ ಒಂದು ಬದಿ ಗೋಪುರ, ಇನ್ನೊಂದು ಬದಿ ವಿಷ್ಣು ಇರುವ ಬೆಳ್ಳಿಯ ಅರ್ಧ ವರಹ, ಕಾಲು ವರಹ ಬಂದವು. ವ್ಯಾಪಾರ ನಡೆಯಬೇಕಾದರೆ ಇಲ್ಲಿಯವರು ನಂಬುವ ಮುಖ ಬೇಕಿತ್ತು, ಹೈದರನ ಲೆಕ್ಕವೇ. ಆದರೆ ಅವು ಚಿನ್ನ, ಬೆಳ್ಳಿಯವು, ಅವುಗಳ ತೂಕ, ಬರಹ ಎಲ್ಲ ದಾಖಲೆಯಲ್ಲಿವೆ. ಮಗ್ಗಿ ಹೇಳಿದ ಹಾಗೆ 1616, 1717, 1818 ಅಂತ ಸಾಲಾಗಿ ಬರುವ ತಾಮ್ರದ ಹನುಮಂತನಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ.

ಈ ಕಂಪನಿ ಹನುಮಂತನ ಹಿಂದೆಯೇ ‘ರೈಸ್ ಪುಲ್ಲರ್’ ಬರುತ್ತದೆ. ಸಿಡಿಲು ಬಡಿದ ತಾಮ್ರ, ಒಳಗೆ ಇರಿಡಿಯಂ, ಅಕ್ಕಿಯನ್ನು ಎಳೆಯುತ್ತದೆ, ನಾಸಾದವರು, ಡಿಆರ್‌ಡಿಒದವರು ಕೋಟಿ ಕೊಡುತ್ತಾರೆ. ಕರ್ನಾಟಕದಲ್ಲೇ ಪೊಲೀಸರು ಹಿಡಿದ ಪ್ರಕರಣಗಳು ಎಷ್ಟೋ. ಅಕ್ಕಿಗೆ ಕಬ್ಬಿಣದ ಪುಡಿ ಹಿಡಿಸಿ, ಪಾತ್ರೆಯಲ್ಲೋ ಬಿಲ್ಲೆಯಲ್ಲೋ ಅಯಸ್ಕಾಂತ ಅಡಗಿಸಿದರೆ ಯಾವ ಅಕ್ಕಿಯೂ ಬರುತ್ತದೆ. ನಿಮ್ಮ ಮನೆಯ ಅಕ್ಕಿಯಲ್ಲಿ ಮಾಡಿ ತೋರಿಸು ಅನ್ನಿ, ಗ್ರಹಚಾರ ಸರಿಯಿಲ್ಲ ಅನ್ನುತ್ತಾನೆ. ಮೊಬೈಲಿನಲ್ಲಿ ಬರುವುದು ಇನ್ನೊಂದು: ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ, ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ದುಡ್ಡು ಅಂತ. ವೈಷ್ಣೋದೇವಿಯದ್ದು 2012ರಲ್ಲಿ ಸರ್ಕಾರವೇ ಹೊರಡಿಸಿದ ಅಪ್ಪಟ ನಾಣ್ಯ, ಅಂಗಡಿಯಲ್ಲಿ ಅದರ ಬೆಲೆ ಐದು ರೂಪಾಯಿ. ಹಳೆ ನೋಟು, ನಾಣ್ಯ ಕೊಳ್ಳುವುದಾಗಿ ತನ್ನ ಹೆಸರು ಹೇಳಿಕೊಂಡು ಶುಲ್ಕ ಕೇಳುವವರನ್ನು ನಂಬಬೇಡಿ, ಅಂಥ ವ್ಯವಹಾರ ತಾನು ಮಾಡುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಕೊಟ್ಟಿತು. ನಾನೊಂದು ಅಳತೆಗೋಲು ಇಟ್ಟುಕೊಂಡಿದ್ದೇನೆ: ಕೊಳ್ಳುವವನು ದುಡ್ಡು ಕೊಡಬೇಕು. ಅಡಿಕೆ ಕೊಳ್ಳಲು ಬಂದ ಸಾಹುಕಾರ “ಮೊದಲು ನೀನು ನನಗೆ ಒಂದೂವರೆ ಲಕ್ಷ ಕೊಡು” ಅಂದರೆ ನಾವು ಮೂಟೆ ಕಟ್ಟುತ್ತೇವೆಯೆ?

ಬಿತ್ತನೆ ಬೀಜದ ಪೊಟ್ಟಣದಲ್ಲಿ ಲಾಟ್ ನಂಬರು, ಮೊಳಕೆ ಪ್ರಮಾಣ, ಅವಧಿ ಮೂರೂ ನೋಡದೆ ದುಡ್ಡು ಬಿಚ್ಚದ ಜನ ನಾವು. ದೇವರ ಚಿತ್ರ ಕಂಡ ಕೂಡಲೇ ಮಾತ್ರ ಕೇಳುವ ಪ್ರಶ್ನೆ ಎಲ್ಲ ಮರೆತುಹೋಗುತ್ತದೆ. ಅನುಮಾನ ಪಟ್ಟರೆ ದೇವರಿಗೇ ಅಪಚಾರ ಅನ್ನುವ ಅಳುಕು. ಏಜೆಂಟನ ಬಂಡವಾಳ ಆ ಅಳುಕು, ಬಿಲ್ಲೆ ಅಲ್ಲ.

ಮಣ್ಣಿನಲ್ಲಿ ಸಿಕ್ಕಿದ್ದರ ವಿಷಯ ಬೇರೆ. ಗುಂಡಿ ತೋಡುವಾಗಲೋ ಜೆಸಿಬಿ ಬಾಯಿಗೋ ಹಳೆ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಉಜ್ಜಿದರೆ ಅಕ್ಷರವೂ ಹೋಗುತ್ತದೆ, ತಜ್ಞರು ಓದುವ ಗುರುತೂ ಹೋಗುತ್ತದೆ. ಎಲ್ಲಿ, ಎಷ್ಟು ಆಳದಲ್ಲಿ, ಜೊತೆಗೆ ಮಡಕೆ ಚೂರು ಇತ್ತಾ, ಬರೆದಿಡಿ. ನಿಧಿಯ ಬಗ್ಗೆ ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ನಮ್ಮ ಜಮೀನು ಅಂತ ಮುಚ್ಚಿಟ್ಟು ಮಾರುವ ಹಾಗಿಲ್ಲ. ನಿಜವಾದ ವರಹ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಉಡುಪಿಗೆ ಹೋದಾಗ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿರುವ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿ. ಒಮ್ಮೆ ನೋಡಿದ ಕಣ್ಣು ಆಮೇಲೆ ಸುಲಭಕ್ಕೆ ಬೇಸ್ತು ಬೀಳುವುದಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಟಂಕ ಇದ್ದರೆ ಎರಡೂ ಮುಖದ ಫೋಟೊ ತೆಗೆದು ಕಳಿಸಿ. ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ತೆಗೆಯಿರಿ, ಹಗಲು ಬೆಳಕಿನಲ್ಲಿ, ತೊಳೆಯದೆ. ತೂಕ, ನೀರಿನಲ್ಲಿ ಬಂದ ಅಂಕಿ ಬರೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ: ಯಾರು, ಯಾವ ಯಾತ್ರೆಯಿಂದ ತಂದದ್ದು? ಕಾಶಿಯೋ, ತಿರುಪತಿಯೋ, ರಾಮೇಶ್ವರವೋ, ಜಾತ್ರೆಯಲ್ಲಿ ಕೊಂಡದ್ದೋ? ಬಿಲ್ಲೆಯ ಮೇಲೆ ಬರೆದಿರದ ಸಂಗತಿ ಅದೊಂದೇ. ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಹುಡುಗನ ಅಜ್ಜಿ ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ. ಅವರನ್ನು ಕೇಳಿಕೊಂಡು ಬಾ ಅಂತ ಕಳಿಸಿದ್ದೇನೆ. ಏಜೆಂಟನಿಗೆ ಫೋನು ಮಾಡಿ, ಫೀಸನ್ನು ನಲವತ್ತು ಲಕ್ಷದಲ್ಲೇ ಮುರಿದುಕೊಂಡು ಉಳಿದದ್ದು ಕೊಡು ಅನ್ನಲೂ ಹೇಳಿದ್ದೆ. ಅನಂತರ ಆ ನಂಬರು ಸ್ವಿಚ್ ಆಫ್ ಇದೆಯಂತೆ.